ತೊಗರಿ ಚೀಲದಲ್ಲಿ ಮಾವಿನ ಹೊಗೆ

ರೈತರ ಕಾಳು ಕೊಂಡು ಮಾರುವ ಹುಮನಾಬಾದಿನ ಅಡತಿ ವ್ಯಾಪಾರಿ ಬಸವಣಪ್ಪನವರು ಅಳಿಯನಾಗಲು ಬಂದವರ ಜಾತಕ ನೋಡುತ್ತಿರಲಿಲ್ಲ, ಬೆರಳು ಮೂಸುತ್ತಿದ್ದರು. ಮೊದಲು ಬಲಗೈಯ ತೋರುಬೆರಳು, ಆಮೇಲೆ ನಡುಬೆರಳು. ಕೈ ಕುಲುಕುವ ನೆಪದಲ್ಲಿ ಹುಡುಗನ ಕೈ ಹಿಡಿದು, ಹಾಗೇ ಮೂಗಿನ ತನಕ ಎಳೆದುಕೊಂಡು, ಕಣ್ಣು ಮುಚ್ಚಿ ಒಂದು ಉದ್ದನೆಯ ಉಸಿರು. ತೊಗರಿ, ಹೆಸರು, ಉದ್ದು, ಕಡಲೆ ಮೂಸಿ ಮೂಸಿ ಪಳಗಿದ ಮೂಗು ಅದು. ಭಾಲ್ಕಿಯ ಎಂಜಿನಿಯರೊಬ್ಬ ಜಾಣತನ ಮಾಡಿ ಕೈಗೆ ಅತ್ತರು ಹಚ್ಚಿಕೊಂಡು ಬಂದಿದ್ದ. "ಅತ್ತರದ ಬುಡಕ ಬೀಡಿ ಅದಾ" ಎಂದು ಬಸವಣಪ್ಪನವರು ಅವನಿಗೆ ಚಹಾ ಕುಡಿಸಿ ಕಳಿಸಿಬಿಟ್ಟರು. ಆ ಚಹಾಕ್ಕೆ ಸಕ್ಕರೆಯನ್ನೂ ಹಾಕಿಸಿರಲಿಲ್ಲವೆಂದು ಬಜಾರಿನ ಮಂದಿ ಇವತ್ತಿಗೂ ಹೇಳುತ್ತಾರೆ.

ಈ ಸುದ್ದಿ ಬಸವಕಲ್ಯಾಣದ ಗುರುಲಿಂಗನ ಕಿವಿಗೆ ಬಿದ್ದಾಗ ಅವನ ತೋರುಬೆರಳಿಗೂ ನಡುಬೆರಳಿಗೂ ನಡುವೆ ಒಂದು ಸಿಗರೇಟು ಉರಿಯುತ್ತಿತ್ತು.

ಗುರುಲಿಂಗನಿಗೆ ಕೋಟೆಯ ಕಡೆ ಹೋಗುವ ದಾರಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ವಯಸ್ಸು ಮೂವತ್ತು ದಾಟಿದೆ, ಕೂದಲು ಹಣೆಯಿಂದ ಹಿಂದೆ ಸರಿಯಲು ತೀರ್ಮಾನಿಸಿದೆ. ಬಸವಣಪ್ಪನವರ ಮಗಳು ಪೂನಂ ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸದಲ್ಲಿದ್ದಳು. ಹಿರಿಯರ ಅಪ್ಪಣೆಯ ಮೇಲೆ ಇಬ್ಬರೂ ಒಂದೇ ಒಂದು ಸಲ ಫೋನಿನಲ್ಲಿ ಮಾತಾಡಿದ್ದರು.

"ನಿಮ್ಮ ಅಂಗಡಿ ಎಣ್ಣಿ ಹೊಡದ್ರ ಹುಳ ಖರೇನೇ ಸಾಯ್ತಾವೇನ್ರಿ?" ಎಂದು ಅವಳು ಕೇಳಿದ್ದಳು.

"ಕೆಲವು ಸಾಯ್ತಾವ್ರಿ. ಕೆಲವು ಎಚ್ಚರ ತಪ್ಪಿ ಬೀಳ್ತಾವ್ರಿ," ಎಂದು ಇವನು ಪ್ರಾಮಾಣಿಕವಾಗಿ ಹೇಳಿದ್ದ.

"ನೀವು ಭಾಳ ಖರೇ ಮಾತಾಡ್ತೀರಿ ಬಿಡ್ರಿ," ಎಂದಿದ್ದಳು ಪೂನಂ. ಅಷ್ಟೇ. ಮದುವೆಯಾದರೆ ಈಕೆಯನ್ನೇ, ಇಲ್ಲವಾದರೆ ಗೊಬ್ಬರದ ಚೀಲಗಳ ಜೊತೆಗೇ ಮುಪ್ಪಾಗುವುದು ಎಂದು ಗುರುಲಿಂಗ ನಿರ್ಧರಿಸಿಬಿಟ್ಟ.

ಉಳಿದ ತೊಡಕು ಎರಡು ಬೆರಳಿನದು. ಲವಂಗ ಅಗಿದ, ಏಲಕ್ಕಿ ಅಗಿದ, ಕೊನೆಗೆ ಪೆನ್ಸಿಲ್ ಅಗಿದ. ಸಿಗರೇಟು ಮಾತ್ರ ಬಿಡಲಿಲ್ಲ. ಆಗ ಪ್ರತ್ಯಕ್ಷನಾದವನು ಅವನ ಕಾಕಾನ ಮಗ ಬಸವಕುಮಾರ. ಹೈದರಾಬಾದಿನಿಂದ ಮೊಬೈಲ್ ಕವರು ತಂದು ಮಾರುವ ಈ ಪುಣ್ಯಾತ್ಮ ಕಿಸೆಯಿಂದ ಪೆನ್ನಿನಂಥ ಒಂದು ಉಕ್ಕಿನ ಕೊಳವೆ ತೆಗೆದು ಮೇಜಿನ ಮೇಲಿಟ್ಟ.

"ಅಣ್ಣಾ, ಇ-ಸಿಗರೇಟು. ಇದು ಸೇದಿದ್ರ ಬೆರಳಿಗಿ ವಾಸನಿನೇ ಹತ್ತಂಗಿಲ್ಲ. ಮಾವಿನ ರಸ ಹಾಕೀನಿ."

"ಸರ್ಕಾರ ಬಂದ್ ಮಾಡ್ಯಾದಲ್ಲೋ ಇದ್ನ?"

"ಅದಕ್ಕೇ ಹೇಳ್ತೀನಿ, ಕಿಸೇದಾಗ ಇಟ್ಕೋ. ಕೊಳ್ಳಾಗ ಹಾಕ್ಕೊಂಡು ತಿರಗಬ್ಯಾಡ." ಬಸವಕುಮಾರ ಕೊಳವೆಯ ಬುಡ ತೋರಿಸಿದ. "ವೋಲ್ಟೇಜ್ ಏರ್ಸೋ ಇಳ್ಸೋ ಬ್ಯಾಟರಿ ಇದು. ಕೆಳಗ ತಿರುಗೋ ಚಕ್ರ ಅದಾ ನೋಡು, ಮ್ಯಾಲ ನಂಬರ್ ಬರದಾರ. ಮೂರು ಪಾಯಿಂಟ್ ಮೂರಕ್ಕ ಇಟ್ರ ಹೊಗಿ ಸಣ್ಣಗ ಬರ್ತದ, ತಣ್ಣಗ. ನಾಲ್ಕು ಪಾಯಿಂಟ್ ಎಂಟಕ್ಕ ಇಟ್ಟಿ ಅಂದ್ರ ಸಕ್ಕರಿ ಕಾರ್ಖಾನಿ ಚಿಮಣಿ! ನಡುವಿನ ಗುಂಡಿ ಒತ್ತಿ ಹಿಡದ್ರ ಒಳಗ ತಂತಿ ಕಾಯ್ತದ. ಐದು ಸಲ ಝಟ್‌ಪಟ್ ಒತ್ತಿದ್ರ ಚಾಲೂ, ಮತ್ತ ಐದು ಸಲ ಒತ್ತಿದ್ರ ಬಂದ್. ಬಂದ್ ಮಾಡೋದು ಮಾತ್ರ ಮರೀಬ್ಯಾಡ. ಮರತಿ ಅಂದ್ರ..."

ಮರೆತರೆ ಏನಾಗುತ್ತದೆಂದು ಹೇಳುವಷ್ಟರಲ್ಲಿ ಹತ್ತಿ ಬೀಜ ಕೇಳಿಕೊಂಡು ಗಿರಾಕಿ ಬಂದ. ಬಸವಕುಮಾರ ಎದ್ದು ಹೋದ. ಜಗತ್ತಿನ ಅರ್ಧದಷ್ಟು ಅನಾಹುತಗಳು ಇಂಥ ಗಿರಾಕಿಗಳಿಂದಲೇ ಆಗುವುದು.

ಹುಡುಗನನ್ನು ನೋಡುವ ದಿನ ಬಂತು. ತಾಯಿ ಶಕುಂತಲಾಬಾಯಿಯ ಜೊತೆ ಗುರುಲಿಂಗ ಬಸ್ಸಿಳಿದದ್ದು ಹುಮನಾಬಾದಿನಲ್ಲಿ ತೊಗರಿ ಬಜಾರು ತುಂಬಿ ತುಳುಕುವ ಹಂಗಾಮಿನಲ್ಲಿ. ಬಸವಣಪ್ಪನವರದು ಒಂದು ಪದ್ಧತಿ: ಹುಡುಗ ಮೊದಲು ಅಂಗಡಿಗೆ ಬರಬೇಕು, ಅಲ್ಲಿ ಪಾಸಾದರೆ ಮಾತ್ರ ಮನೆಗೆ. ಗುರುಲಿಂಗನಿಗೆ ಹೆದರಿಕೆ ಹತ್ತಿತು. ಬಸ್ ಸ್ಟ್ಯಾಂಡಿನ ಹಿಂದೆ ಹೋಗಿ ಕೊಳವೆ ತೆಗೆದ. ಸಣ್ಣ ಹೊಗೆ ಆ ಹೆದರಿಕೆಗೆ ಸಾಲಲಿಲ್ಲ. ಚಕ್ರವನ್ನು ಪೂರ್ತಿ ತಿರುಗಿಸಿ ಎಳೆದ. ಕಣ್ಣಲ್ಲಿ ನೀರು ಬಂತು.

"ಗುರೂ! ಎಲ್ಲಿ ಸತ್ತಿ? ಟೈಮ್ ಆಗ್ಯಾದ!" ತಾಯಿಯ ಕೂಗು.

ಐದು ಸಲ ಒತ್ತಬೇಕಾದ ಬೆರಳು ಒಂದು ಸಲವೂ ಒತ್ತದೆ ಕೊಳವೆಯನ್ನು ಅಂಗಿಯ ಮೇಲುಕಿಸೆಗೆ ತುರುಕಿತು.

ಅಂಗಡಿಯಲ್ಲಿ ಬಸವಣಪ್ಪನವರು ಗಾದಿಯ ಮೇಲೆ ಕುಳಿತಿದ್ದರು. ಪಕ್ಕದ ಅಂಗಡಿಯ ಅಡತಿ ಬಕ್ಕಪ್ಪ ಪುಕ್ಕಟೆ ತಮಾಷೆ ನೋಡಲು ಬಂದು ಲೋಡು ದಿಂಬಿಗೆ ಒರಗಿದ್ದ. ಸುತ್ತ ಬಾಯಿ ಬಿಚ್ಚಿದ ತೊಗರಿ ಚೀಲಗಳು, ಹಮಾಲರು, ಹಳ್ಳಿಗಳಿಂದ ಮಾಲು ತಂದ ರೈತರು. ಬಸವಣಪ್ಪನವರು ಗುರುಲಿಂಗನ ಕೈ ಹಿಡಿದರು. ಮೂಗಿಗೆ ಎಳೆದರು. ಹಮಾಲರು ಚೀಲ ಹೊತ್ತಲ್ಲೇ ನಿಂತರು. ಬಕ್ಕಪ್ಪ ಉಸಿರು ಹಿಡಿದ. ಗುರುಲಿಂಗನಿಗೆ ತನ್ನ ಕೈ ತನ್ನದಲ್ಲ, ಯಾರದೋ ಕೈ ತಾನು ಹೊತ್ತು ತಂದಿದ್ದೇನೆ ಅನ್ನಿಸಿತು.

ಬಸವಣಪ್ಪನವರು ಕಣ್ಣು ತೆರೆದರು. "ಶಕುಂತಲಾಬಾಯಿ, ಏನ್ ಬೆರಳ್ರಿ ಇವು! ಬರೇ ಸಾಬಾನಿನ ವಾಸನಿ! ಇಷ್ಟು ವರ್ಷದಾಗ ಇಂಥಾ ಸಾಫ್ ಮಾಲ್ ನಾ ನೋಡಿಲ್ಲ."

"ನನ್ನ ಮಗ ಹೊಗಿ ಕಂಡ್ರ ಓಡಿ ಹೋಗ್ತಾನ್ರಿ. ಒಲಿ ಮುಂದ ಸುದ್ದಾ ಕೂಡಂಗಿಲ್ಲ," ಎಂದಳು ಶಕುಂತಲಾಬಾಯಿ. ಆಕೆ ಅದನ್ನು ಪೂರ್ತಿ ನಂಬಿದ್ದಳು.

"ಪಾಯಾ ಬೀಳೋ ತಮ್ಮಾ," ಎಂದ ಬಕ್ಕಪ್ಪ.

ಗುರುಲಿಂಗ ಕಾಲು ಮುಟ್ಟಲು ಬಾಗಿದ. ಕಿಸೆಯೂ ಬಾಗಿತು. ಕೊಳವೆ ಜಾರಿ, ಪಕ್ಕದ ಬಾಯಿ ಬಿಚ್ಚಿದ ಚೀಲದೊಳಗೆ ಬುಡ ಕೆಳಗಾಗಿ ಬಿದ್ದು, ಹೊಲದ ಗಡಿ ಕಲ್ಲಿನ ಹಾಗೆ ನೆಟ್ಟಗೆ ನಿಂತಿತು.

"ಏನಿದು?" ಬಸವಣಪ್ಪನವರು ಕೈ ಚಾಚಿ ಅದನ್ನು ಗಟ್ಟಿಯಾಗಿ ಹಿಡಿದರು. ಹೆಬ್ಬೆರಳು ಸರಿಯಾಗಿ ಗುಂಡಿಯ ಮೇಲೆ ಬಿತ್ತು. ಗುಂಡಿ ನೀಲಿ ಬಣ್ಣಕ್ಕೆ ಉರಿಯಿತು. ಕೊಳವೆಯ ತುದಿಯಿಂದ ಬಿಳಿ ಹೊಗೆ ಸುರುಳಿ ಸುರುಳಿಯಾಗಿ ಮೇಲೆದ್ದಿತು.

"ಯಪ್ಪೋ, ತೊಗರಿಗಿ ಬೆಂಕಿ ಹತ್ಯಾದ!" ಶಕುಂತಲಾಬಾಯಿ ಹೌಹಾರಿದಳು. ಹಮಾಲನೊಬ್ಬ ನೀರಿನ ಕೊಡ ಎತ್ತಿಕೊಂಡ.

ಬಸವಣಪ್ಪನವರು ಹೆದರಲಿಲ್ಲ. ಕೊಳವೆ ಕಿತ್ತು ತೆಗೆದು ಬುಡದ ನಂಬರು ಓದಿದರು. "ನಾಲ್ಕು ಪಾಯಿಂಟ್ ಎಂಟು." ಹುಬ್ಬು ಗಂಟಾಯಿತು. ಚೀಲ ನೋಡಿದರು, ಹುಡುಗನನ್ನು ನೋಡಿದರು. ಮೆಲ್ಲಗೆ ಮುಖ ಅರಳಿತು. "ಬೀಜ-ಗೊಬ್ಬರದ ಅಂಗಡಿ ಹುಡುಗ ಹೌದಲ್ಲೋ ನೀ! ತಮ್ಮಾ, ಇದು ತೊಗರಿ ಹಸಿ ನೋಡೋ ಹೊಸಾ ಮಷೀನಾ?"

ಒಂದು ಕಡೆ ಸತ್ಯ, ಇನ್ನೊಂದು ಕಡೆ ಪೂನಂ. ಗುರುಲಿಂಗ ಬಹಳ ಹೊತ್ತು ಯೋಚಿಸಲಿಲ್ಲ.

"ಹೌದ್ರಿ," ಎಂದ.

"ತೊಗರಿಯಾಗಿನ ಹಸಿ ಬುಡದಿಂದ ಎಳಕೊಂಡು ಮ್ಯಾಲ ಉಗಿ ಮಾಡಿ ಬಿಡ್ತದ?"

"ಹೌದ್ರಿ."

"ಉಗಿ ಹೆಚ್ಚು ಬಂದ್ರ ಹಸಿ ಹೆಚ್ಚು, ಕಮ್ಮಿ ಬಂದ್ರ ಒಣ?"

"ಹೌದ್ರಿ."

ಹೀಗೆ ಮೂರು ಪ್ರಶ್ನೆಗಳಲ್ಲಿ ಬಸವಣಪ್ಪನವರು ಒಂದು ಯಂತ್ರವನ್ನು ಕಂಡುಹಿಡಿದರು. ಗುರುಲಿಂಗ ಒಪ್ಪಿಗೆ ಕೊಟ್ಟದ್ದು ಬಿಟ್ಟರೆ ಬೇರೆ ಪಾಪ ಮಾಡಲಿಲ್ಲ.

ಬಸವಣಪ್ಪನವರ ಖುಷಿಗೆ ಕಾರಣವಿತ್ತು. ಹಸಿ ತೊಗರಿ ಚೀಲದಲ್ಲಿ ಮುಗ್ಗು ಹಿಡಿಯುತ್ತದೆ, ಅದರ ರೇಟು ಇಳಿಯುತ್ತದೆ. ಹಸಿಯೋ ಒಣವೋ ಎಂದು ಈ ಬಜಾರಿನಲ್ಲಿ ಹಿಂದಿನಿಂದಲೂ ಹಲ್ಲಲ್ಲಿ ಕಡಿದು ನೋಡುತ್ತಾರೆ. ಕಟ್ ಎಂದು ಒಡೆದರೆ ಒಣ, ಮೆತ್ತಗೆ ಚಪ್ಪಟೆಯಾದರೆ ಹಸಿ. ಆದರೆ ಕಳೆದ ವರ್ಷ ಬಸವಣಪ್ಪನವರು ಹಲ್ಲೆಲ್ಲ ತೆಗೆಸಿ ಕಟ್ಟಿಸಿದ ಹಲ್ಲು ಕೂಡಿಸಿಕೊಂಡಿದ್ದರು. ಆ ಹಲ್ಲಿಗೆ ತೊಗರಿಯೂ ಒಂದೇ, ಪೇಡೆಯೂ ಒಂದೇ. ಬಕ್ಕಪ್ಪ ದಿನಾ ಅಂಗಡಿಯ ಮುಂದೆ ನಿಂತು ಬೇಕೆಂದೇ ಕಟ್ ಕಟ್ ಎಂದು ಕಡಿದು ತೋರಿಸುತ್ತಿದ್ದ.

"ಬಕ್ಕಪ್ಪಾ, ನಿನ್ನ ಹಲ್ಲಿನ ಕಾಲ ಮುಗೀತು ನೋಡು!" ಎಂದು ಬಸವಣಪ್ಪನವರು ಗಾದಿಯಿಂದ ಹಾರಿ ಇಳಿದರು. "ನನ್ನ ಅಳಿಯಾ ಮಷೀನ್ ತಂದಾನ!"

ಅಳಿಯಾ! ಶಕುಂತಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುರುಲಿಂಗನಿಗೆ ಖುಷಿಯಿಂದಲೋ ಭಯದಿಂದಲೋ ಬಿಕ್ಕಳಿಕೆ ಹತ್ತಿತು.

ಸುದ್ದಿ ಬಜಾರು ಸುತ್ತಿ ಬರಲು ಒಂದು ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಅಂಗಡಿಯ ಮುಂದೆ ಜಾತ್ರೆಯಂಥ ಮಂದಿ. ಗುರುಲಿಂಗ ಚೀಲದಿಂದ ಚೀಲಕ್ಕೆ ಹೋಗಿ ಕೊಳವೆ ಚುಚ್ಚಬೇಕಾಯಿತು. ಬಡವರ ಮಾಲಿಗೆ ಅನ್ಯಾಯವಾಗಬಾರದೆಂದು ಕಿರುಬೆರಳಿನಿಂದ ಗುಟ್ಟಾಗಿ ಚಕ್ರವನ್ನು ಕಮ್ಮಿಗೆ ತಿರುಗಿಸಿದ. ಗುಂಡಿ ಒತ್ತಿದರೆ ಊದಿನಕಡ್ಡಿಯಷ್ಟು ಹೊಗೆ.

"ಒಣಾ!" ಎಂದು ಬಸವಣಪ್ಪನವರು ಕೂಗಿದರು. ರೈತ ಕೈಮುಗಿದ. ಮುಂದಿನ ಚೀಲ. "ಒಣಾ!" ಅದರ ಮುಂದಿನದು. "ಇದೂ ಒಣಾ!" ರೈತರು ಗುರುಲಿಂಗನ ಬೆನ್ನು ತಟ್ಟತೊಡಗಿದರು. ಒಬ್ಬ ಮುದುಕ ಅವನ ಬಾಯಿಗೆ ಬೆಲ್ಲ ಇಟ್ಟ. ಒಂದೆರಡು ತಾಸು ಹೀಗೇ ಸಾಗಿದರೆ ರಸ ಮುಗಿಯುತ್ತದೆ, ಮಷೀನು ಕೆಟ್ಟಿತು ಅಂದುಬಿಡಬಹುದು, ಆಮೇಲೆ ಮನೆ, ಉಪ್ಪಿಟ್ಟು, ಪೂನಂ ಎಂದು ಗುರುಲಿಂಗ ಮನಸ್ಸಿನಲ್ಲೇ ದಾರಿ ಹಾಕಿಕೊಂಡ.

ಅಷ್ಟರಲ್ಲಿ ಬಕ್ಕಪ್ಪ ಕೆಮ್ಮಿದ.

"ಬಸಣ್ಣಾ, ಒಂದ್ ಮಾತು. ಹತ್ತು ಊರಿನ ಮಾಲ್ ಅದಾ. ಒಬ್ಬಾಂವ ಮನ್ನೆ ರಾಶಿ ಮಾಡ್ಯಾನ, ಒಬ್ಬಾಂವ ಇಬ್ಬನಿಯಾಗ ಚೀಲ ಬಿಟ್ಟಾನ. ಎಲ್ಲಾ ಒಣಾನೇ ಹ್ಯಾಂಗ ಬರ್ತದ? ನಿನ್ನ ಅಳಿಯಾಂದು ಮಷೀನೋ, ಬರೇ ಊದಿನಕಡ್ಡಿಯೋ?"

ಮಂದಿ ನಕ್ಕಿತು. ಬಸವಣಪ್ಪನವರ ಮುಖ ಕಪ್ಪಿಟ್ಟಿತು. "ತಮ್ಮಾ, ಬರಾಬರ್ ನೋಡಾಕತ್ತಿ ಹೌದಿಲ್ಲೋ?" ಎಂದರು, ದನಿಯಲ್ಲಿ ಮೊದಲಿನ ಜೇನಿರಲಿಲ್ಲ.

ಒಂದು ಚೀಲವಾದರೂ ಹಸಿ ಬರಲೇಬೇಕು. ಗುರುಲಿಂಗ ಬೆವರಿದ. ಮುಂದಿನ ಚೀಲ ಯಾರದೆಂದು ನೋಡಲಿಲ್ಲ. ಚಕ್ರವನ್ನು ಪೂರ್ತಿ ತಿರುಗಿಸಿ, ಕಣ್ಣು ಮುಚ್ಚಿ, ಚುಚ್ಚಿ, ಒತ್ತಿ ಹಿಡಿದ.

ಸಕ್ಕರೆ ಕಾರ್ಖಾನೆಯ ಚಿಮಣಿ ಚಾಲೂ ಆಯಿತು.

"ಹಸೀ!" ಎಂದು ಇಡೀ ಬಜಾರು ಒಂದೇ ಬಾಯಲ್ಲಿ ಕೂಗಿತು.

"ಯಾಂವಲೇ ಅಂವಾ ನನ್ನ ತೊಗರಿಗಿ ಹಸಿ ಅಂದಾಂವಾ?"

ಚೀಲದ ಹಿಂದಿನಿಂದ ಎದ್ದು ನಿಂತವಳು ದುಬಲಗುಂಡಿಯ ಧೂಳಮ್ಮ. ಕುರಿ ಹಿಂಡು ಕಾದು, ಹೊಲ ಮಾಡಿ, ಗಟ್ಟಿಯಾದ ಹೆಣ್ಣುಮಗಳು. ಹಣೆಯ ತುಂಬ ಭಂಡಾರದ ಅರಿಶಿನ, ಸೊಂಟಕ್ಕೆ ಸಿಕ್ಕಿಸಿದ ಸೆರಗು.

"ಮಷೀನ್ ಅನ್ನಾಕತ್ತದವ್ವಾ. ಒಣಗಿಸ್ಕೊಂಡು ಬಾ, ಆಮ್ಯಾಲ ತಗೋತೀನಿ," ಎಂದರು ಬಸವಣಪ್ಪನವರು.

"ಮಷೀನ್ ಅಂದ್ರ ಮುಗೀತೇನ್ ಸಾವ್ಕಾರಾ? ಈ ತೊಗರಿ ಊರ ಮಂದಿ ನನ್ನ ಕಡಿಂದ ಬೀಜಕ್ಕ ಒಯ್ತಾರ. ಧೂಳಮ್ಮನ ಮಾಲ್ ಹಸಿ ಅಂತ ಬಜಾರದಾಗ ವಾಪಸ್ ಕಳ್ಸಿದ್ರು ಅಂದ್ರ ನಾಳಿಗಿ ನನ್ನ ಅಂಗಳಕ್ಕ ಯಾರ್ ಬರ್ತಾರ? ಏ, ಕಡದು ನೋಡು! ನಿನ್ನ ಬಾಯಿಲೆ ಕಡದು ನೋಡು!"

ಬಸವಣಪ್ಪನವರು ಬಾಯಿ ಬಿಗಿಯಾಗಿ ಮುಚ್ಚಿಕೊಂಡರು. ಮಂದಿಯ ಎದುರು ಹಲ್ಲು ಕಳಚಿ ಕೈಗೆ ಬರುವ ಅಪಾಯವಿತ್ತು.

ಈ ಗದ್ದಲ ಕೇಳಿ, ಸರ್ಕಾರದ ಪರವಾಗಿ ಬಜಾರಿನ ತೂಕ-ಅಳತೆ ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರ್ ಸಾಹೇಬರು ಕೈಯಲ್ಲಿ ಬ್ಯಾಗು ಹಿಡಿದು ಒಳಗೆ ಬಂದರು. ಬಂದವರೇ ಮೂಗು ಅರಳಿಸಿದರು. "ಮಾವಿನ ಹಣ್ಣಿನ ವಾಸನಿ ಬರಾಕತ್ತದಲ್ಲ! ಈ ಥಂಡ್ಯಾಗ ಮಾವು ಎಲ್ಲಿಂದ?"

ಗುರುಲಿಂಗನ ಬಿಕ್ಕಳಿಕೆ ನಿಂತಿತು. ಉಸಿರೂ ನಿಂತಿತು.

"ಈಕಿ ಹೊಲ್ದಾಗ ಮಾವಿನ ಗಿಡ ಇರಬೇಕು ಸಾಹೇಬರೇ," ಎಂದರು ಬಸವಣಪ್ಪನವರು. "ಬೇರಿನಿಂದ ತೊಗರಿಗಿ ಇಳದದ. ಮಷೀನ್ ಅದನ್ನೂ ಹಿಡದದ ನೋಡ್ರಿ, ಎಷ್ಟು ಬಾರೀಕ್!"

"ನನ್ನ ಹೊಲ್ದಾಗ ಇರೋದು ಒಂದ್ ಬೇವಿನ ಗಿಡ," ಎಂದಳು ಧೂಳಮ್ಮ. "ಬೇವಿನ ವಾಸನಿ ಬಂದದೇನು ನಿನ್ನ ಮಷೀನಿಗಿ? ಹಾಂ?"

ಇಷ್ಟಕ್ಕೇ ನಿಂತಿದ್ದರೆ ಗುರುಲಿಂಗ ಹೇಗೋ ತಪ್ಪಿಸಿಕೊಳ್ಳುತ್ತಿದ್ದ. ಆದರೆ ಬಕ್ಕಪ್ಪನಿಗೆ ಈಗ ಮಷೀನಿನ ಮೇಲೆ ಭಕ್ತಿ ಹುಟ್ಟಿತ್ತು. ಹಸಿ ಎಂದು ತೋರಿಸಿ ರೇಟು ಇಳಿಸಲು ನೆಪ ಕೊಡುವ ಯಂತ್ರ ಯಾವ ವ್ಯಾಪಾರಿಗೆ ಬೇಡ? ಗುರುಲಿಂಗನ ಕೈಯಿಂದ ಕೊಳವೆ ಕಸಿದುಕೊಂಡವನೇ ತನ್ನ ಅಂಗಡಿಗೆ ಓಡಿದ. ಚಕ್ರ ನಾಲ್ಕು ಪಾಯಿಂಟ್ ಎಂಟರಲ್ಲೇ ಇತ್ತು. ಚುಚ್ಚಿದ, "ಹಸಿ!" ಚುಚ್ಚಿದ, "ಇದೂ ಹಸಿ!" ಆ ಕಡೆಯ ಅಡತಿಗಳೂ ಬಂದು ಕೈಗೆ ಕೈ ದಾಟಿಸಿಕೊಂಡರು. ಮುಂಜಾನೆ ಒಣಗಿದ್ದ ಬಜಾರು ಮಧ್ಯಾಹ್ನಕ್ಕೆ ಪೂರ್ತಿ ತೋಯ್ದುಹೋಯಿತು. ರೈತರು ಮೊದಲು ಗೊಣಗಿದರು, ಆಮೇಲೆ ಕೂಗಿದರು, ಆಮೇಲೆ ಟ್ರ್ಯಾಕ್ಟರು ಅಡ್ಡ ನಿಲ್ಲಿಸಿ ದಾರಿ ಬಂದ್ ಮಾಡಿದರು. ಗುಂಡಿ ಬಹಳ ಹೊತ್ತು ಒತ್ತಿದ್ದಕ್ಕೆ ಅದರ ನೀಲಿ ದೀಪ ಮಿಣುಕತೊಡಗಿತು.

"ಏ, ಮಷೀನ್ ಕಣ್ಣು ಹೊಡ್ಯಾಕತ್ತದ!" ಎಂದ ಬಕ್ಕಪ್ಪ.

"ಯಾರಿಗಿ?" ಎಂದು ಶಕುಂತಲಾಬಾಯಿ ಸೆರಗು ಸರಿಪಡಿಸಿಕೊಂಡಳು.

"ಈ ಮಷೀನಿಗಿ ಸರ್ಕಾರದ ಛಾಪಾ ಎಲ್ಲದ?" ಎಂದು ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದರು. "ಛಾಪಾ ಇಲ್ಲದ ಮಷೀನಿನ ಮ್ಯಾಲ ರೇಟ್ ಕಡದ್ರ ನಾ ಕೇಸ್ ಹಾಕ್ತೀನಿ. ಇದನ್ನ ತಂದಾಂವ ಯಾಂವ?"

ಎಲ್ಲರ ಬೆರಳೂ ಗುರುಲಿಂಗನ ಕಡೆ ತಿರುಗಿದವು. ಬಸವಣಪ್ಪನವರು ಮುಂದೆ ಬಂದು ಎದೆ ಸೆಟೆಸಿದರು. "ಛಾಪಾ ಯಾಕ್ರಿ ಸಾಹೇಬರೇ? ನನ್ನ ಮಗಳು ಲ್ಯಾಬಿನಾಗ ಕೆಲಸ ಮಾಡ್ತಾಳ. ಆಕಿನೇ ಬರ್ಲಿ. ಆಕಿ ನೋಡಿ ಬರಾಬರ್ ಅಂದ್ರ ಬರಾಬರ್, ಸುಳ್ಳ ಅಂದ್ರ ಸುಳ್ಳ." ಎಂದವರೇ ಫೋನು ಹಚ್ಚಿದರು.

ಗುರುಲಿಂಗ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಧೂಳಮ್ಮ ತನ್ನ ಚೀಲದ ಮೇಲೆ ಕುಳಿತಿದ್ದಳು. ಹಿಂಬಾಗಿಲ ಕಡೆ ನೋಡಿದ. ಅಲ್ಲಿ ತೊಗರಿ ಸೂರಿಗೆ ತಾಗುವ ತನಕ ಪೇರಿಸಿತ್ತು.

ಪೂನಂ ಸ್ಕೂಟಿಯಲ್ಲಿ ಬಂದಳು. ನೋಡಲು ಬರುವ ಹುಡುಗನಿಗಾಗಿ ಉಟ್ಟ ಹಳದಿ ಸೀರೆ, ತಲೆಗೆ ಹೆಲ್ಮೆಟ್ಟು. ಗುರುಲಿಂಗನನ್ನು ನೋಡಿ ಸಣ್ಣಗೆ ನಕ್ಕಳು. ಅವನು ನಗಲು ಹೋಗಿ ಹಲ್ಲು ಕಿರಿದ. ಬಕ್ಕಪ್ಪ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು ಪ್ರಸಾದದ ಹಾಗೆ ಕೊಟ್ಟ. ಪೂನಂ ಅದನ್ನು ತಿರುಗಿಸಿ ನೋಡಿದಳು. ಬುಡದ ನಂಬರು ಓದಿದಳು. ತುದಿಯನ್ನು ಮೂಗಿನ ಹತ್ತಿರ ಹಿಡಿದಳು. ನಗು ಮಾಯವಾಯಿತು.

"ಅಪ್ಪಾ, ನಮ್ಮ ಲ್ಯಾಬಿಗಿ ಹೊಸಾ ಮಷೀನ್ ಬಂದ್ರ ಮೊದಲ ಖಾಲಿ ನಡಿಸಿ ನೋಡ್ತೀವಿ. ಒಂದ್ ಖಾಲಿ ಗಿಲಾಸ ಕೊಡ್ರಿ."

ಸ್ಟೀಲಿನ ಗಿಲಾಸು ಬಂತು. ಪೂನಂ ಅದನ್ನು ಒರೆಸಿ, ಎಲ್ಲರಿಗೂ ತೋರಿಸಿ, ಕೊಳವೆಯನ್ನು ಅದರೊಳಗೆ ನಿಲ್ಲಿಸಿ ಗುಂಡಿ ಒತ್ತಿದಳು. ಗಿಲಾಸಿನಿಂದ ಭುಸ್ಸನೆ ಮೋಡ ಎದ್ದಿತು.

"ಗಿಲಾಸ ಹಸಿ ಅದಾ," ಎಂದ ಬಕ್ಕಪ್ಪ.

"ಹವಾ ಹಸಿ ಅದಾ," ಎಂದರು ಬಸವಣಪ್ಪನವರು. ಆದರೆ ಅವರ ದನಿ ಅವರಿಗೇ ಕೇಳಿಸಲಿಲ್ಲ.

ಪೂನಂ ಗಿಲಾಸನ್ನು ಬದಿಗಿಟ್ಟಳು. ಕೊಳವೆಯನ್ನು ಗುರುಲಿಂಗನ ಮುಂದೆ ಹಿಡಿದಳು. "ನೀವೇ ಹೇಳ್ರಿ. ಇದು ಏನು?"

ಅವಳಿಗೆ ಗೊತ್ತಾಗಿದೆ ಎಂದು ಗುರುಲಿಂಗನಿಗೆ ಗೊತ್ತಾಯಿತು. ಬಾಯಿ ತೆರೆದ. ಬಿಕ್ಕಳಿಕೆ ಮಾತ್ರ ಬಂತು. ಆಗ ಧೂಳಮ್ಮ ಚೀಲದಿಂದ ಎದ್ದು ಬಂದಳು. ಜಗಳದ ದನಿ ಇರಲಿಲ್ಲ, ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

"ತಮ್ಮಾ, ಸಾವ್ಕಾರ ಹೇಳಿದ್ದು ನಾ ಕೇಳಂಗಿಲ್ಲ. ಮಷೀನ್ ಹೇಳಿದ್ದೂ ಕೇಳಂಗಿಲ್ಲ. ನೀ ಹೇಳು. ನಿಮ್ಮವ್ವ ಇಲ್ಲೇ ಕುಂತಾಳ. ಆಕಿ ತೆಲಿ ಮ್ಯಾಲ ಕೈ ಇಟ್ಟು ಹೇಳು, ನನ್ನ ತೊಗರಿ ಹಸಿ ಅದಾ?"

"ಹೇಳೋ ಗುರೂ, ಹೇಳು!" ಎಂದು ಶಕುಂತಲಾಬಾಯಿ ಹೆಮ್ಮೆಯಿಂದ ತಲೆ ಮುಂದೆ ಮಾಡಿದಳು. "ನನ್ನ ಮಗ ಸುಳ್ಳ ಹೇಳಂಗಿಲ್ಲವಾ ತಂಗಿ!"

ಗುರುಲಿಂಗ ಕೈ ಎತ್ತಿದ. ಕೈ ಗಾಳಿಯಲ್ಲೇ ನಿಂತಿತು. ತಾಯಿಯ ತಲೆಯ ಬೈತಲೆ ಕಾಣುತ್ತಿತ್ತು, ಎಣ್ಣೆ ಹಚ್ಚಿ ಬಾಚಿದ್ದಳು. ಆ ಕೈ ಅಲ್ಲಿಂದ ಹಿಂದೆ ಬಂತು, ಪೂನಂಳ ಕೈಯಿಂದ ಕೊಳವೆ ತೆಗೆದುಕೊಂಡಿತು, ಬಾಯಿಗೆ ಹಚ್ಚಿತು. ಗುರುಲಿಂಗ ಗುಂಡಿ ಒತ್ತಿ, ಎದೆ ಸೀಳುವಷ್ಟು ಎಳೆದ.

ಒಳಗೆ ರಸ ಮುಗಿಯುತ್ತ ಬಂದಿತ್ತು. ಮಾವಿನ ಬದಲು ಸುಟ್ಟ ಹತ್ತಿಯ ರುಚಿ ನಾಲಿಗೆಗೆ ಹತ್ತಿತು. ಕೆಮ್ಮು ಎದ್ದಿತು. ಬಾಯಿ, ಮೂಗು, ಎಲ್ಲಾ ಕಡೆಯಿಂದ ಹೊಗೆ ಹೊರಟು ಅಂಗಡಿಯ ಸೂರಿಗೆ ಹೋಗಿ ಬಡಿಯಿತು. ಹೊಗೆಯ ನಡುವಿನಿಂದ ಅವನ ದನಿ ಬಂತು.

"ತೊಗರಿ ಒಣಾ ಅದಾವ್ರಿ. ಎಲ್ಲಾರದೂ ಒಣಾ ಅದಾವ. ಇದು ಮಷೀನ್ ಅಲ್ರಿ. ಇದು ನಂದು. ನಾ ಸೇದ್ತೀನ್ರಿ."

ಹೊಗೆ ಮೆಲ್ಲಗೆ ಬಾಗಿಲ ಕಡೆ ಸರಿಯಿತು. ರೈತರು ಬಾಗಿಲ ಕಡೆಯಿಂದ ಮೆಲ್ಲಗೆ ಒಳಗೆ ಸರಿದರು. ಒಬ್ಬನ ಕೈಯಲ್ಲಿ ಚೀಲ ಎತ್ತುವ ಕಬ್ಬಿಣದ ಕೊಕ್ಕೆ ಇತ್ತು. ಬಕ್ಕಪ್ಪ ತಾನು ಹಸಿ ಎಂದು ರೇಟು ಕಡಿದ ರೈತರ ಮುಖಗಳನ್ನೆಲ್ಲ ಅವರಲ್ಲಿ ಗುರುತಿಸಿ, ಲೋಡಿನ ಹಿಂದೆ ಅಡಗಲು ಜಾಗವಿದೆಯೇ ಎಂದು ನೋಡಿದ. ಇನ್‌ಸ್ಪೆಕ್ಟರ್ ಸಾಹೇಬರು ಕೇಸಿನ ಕಾಗದ ತೆಗೆಯಲು ಬ್ಯಾಗಿನ ಚೈನು ಎಳೆದರು. ಆ ಸದ್ದು ಬಜಾರಿಗೆಲ್ಲ ಕೇಳಿಸಿತು. ಸೇದುವ ಕೊಳವೆ ಚುಚ್ಚಿ ಇಡೀ ಬಜಾರಿನ ರೇಟು ಕಡಿದ ಅಡತಿ ಎಂದು ನಾಳೆಯಿಂದ ಬಸವಣಪ್ಪನವರನ್ನು ಹಳ್ಳಿಖೇಡದ ತನಕ ಕರೆಯುತ್ತಾರೆ. ಹಣೆಯ ವಿಭೂತಿ ಬೆವರಲ್ಲಿ ಕರಗಿ ಅವರ ಮೂಗಿನ ತುದಿಗೆ ಬಂತು.

ಅಲ್ಲಿಗೆ ಬಂದು ನಿಂತಿತು. ಬಸವಣಪ್ಪನವರು ತಟ್ಟನೆ ತೊಡೆ ತಟ್ಟಿದರು.

"ಸಿಕ್ತು! ತಪ್ಪು ಸಿಕ್ತು ನೋಡ್ರಿ! ತೊಗರಿ ಹಸಿ ಅಲ್ಲ. ಹುಡುಗ ಹಸಿ ಅದಾನ!"

"ಏನಂದ್ರಿ?" ಎಂದರು ಇನ್‌ಸ್ಪೆಕ್ಟರ್ ಸಾಹೇಬರು.

"ನೀವೇ ಕಣ್ಣಾರೆ ನೋಡಿದ್ರಲ್ಲ ಸಾಹೇಬರೇ, ಇವನೊಳಗಿಂದ ಎಷ್ಟು ಉಗಿ ಬಂತು! ಮುಂಜಾನಿಂದ ಮಷೀನ್ ಇವನ ಎದಿ ಮ್ಯಾಲಿನ ಕಿಸೇದಾಗ ಇತ್ತು. ಇವನ ಹಸಿನೇ ಮಷೀನ್ ತುಂಬಾ ಕುಂತದ. ಯಾವ ಚೀಲದಾಗ ಹಾಕಿದ್ರೂ ಇವಂದೇ ಬರಾಕತ್ತದ, ಪಾಪ ತೊಗರಿ ಏನ್ ಮಾಡ್ಬೇಕು? ಮಷೀನ್ ರದ್ದು! ಮುಂಜಾನಿಂದ ನೋಡಿದ್ದು ಎಲ್ಲಾ ರದ್ದು! ಹಲ್ಲಿಲೆ ಕಡದು ನೋಡ್ರಿ, ಮೊದಲಿನ ರೇಟ್ ಕೊಡ್ರಿ!"

"ಬರಾಬರ್!" ಎಂದು ಬಕ್ಕಪ್ಪ ಲೋಡಿನ ಹಿಂದಿನಿಂದ ಕೂಗಿದ. "ಬಿಲ್ಕುಲ್ ಬರಾಬರ್! ಹುಡುಗ ಹಸಿ ಅದಾನ, ನನಗ ಅವಾಗೇ ಡೌಟ್ ಬಂದಿತ್ತು!" ಉಳಿದ ಅಡತಿಗಳೂ ಹುಡುಗನ ಹಸಿಯನ್ನು ಒಮ್ಮತದಿಂದ ಒಪ್ಪಿಕೊಂಡರು. ಬಕ್ಕಪ್ಪ ಓಡಿ ಬಂದು ಧೂಳಮ್ಮನ ಚೀಲದಿಂದ ಒಂದು ಕಾಳು ಬಾಯಿಗೆ ಹಾಕಿಕೊಂಡ. ಕಟ್! ಆ ಸದ್ದು ಕೇಳಿದ್ದೇ ತಡ, ಅಂಗಡಿ ಅಂಗಡಿಯಲ್ಲೂ ಎಲ್ಲರೂ ತೊಗರಿ ಬಾಯಿಗೆ ಹಾಕಿಕೊಂಡರು. ಬಜಾರಿನ ಆ ತುದಿಯಿಂದ ಈ ತುದಿಯ ತನಕ ಕಟ್ ಕಟ್ ಕಟ್ ಎಂದು ಪಟಾಕಿ ಹಾರಿದ ಹಾಗೆ ಸದ್ದಾಯಿತು. ಟ್ರ್ಯಾಕ್ಟರುಗಳು ದಾರಿ ಬಿಟ್ಟವು. ಕೊಕ್ಕೆ ಹಿಡಿದವನು ಅದನ್ನು ಚೀಲಕ್ಕೇ ಹಾಕಿದ.

ಇನ್‌ಸ್ಪೆಕ್ಟರ್ ಸಾಹೇಬರು ಬ್ಯಾಗು ಮುಚ್ಚಿದರು. "ಮಾಲ್ ಹಸಿ ಇದ್ರ ನೋಡ್ಬಹುದು. ಮನಷ್ಯಾ ಹಸಿ ಇದ್ರ ನಮ್ಮ ಇಲಾಖೆಗಿ ಬರಂಗಿಲ್ಲ," ಎಂದು ಹೊರಟರು.

ಧೂಳಮ್ಮ ಗುರುಲಿಂಗನ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದಳು. "ನನ್ನ ಗಂಡ ದಿನಾ ಚಿಲುಮಿ ಎಳಿತಾನ. ಹೊಗಿ ಯಾವುದು ಉಗಿ ಯಾವುದು ನನಗ ಗೊತ್ತಿಲ್ಲೇನು?" ಎಂದು ತಗ್ಗಿದ ದನಿಯಲ್ಲಿ ಹೇಳಿದಳು. "ಬಾಯಿಗಿ ಹಚ್ಚಿದ್ದು ಚಲೋ ಮಾಡಿದಿ. ಇಲ್ಲಾಂದ್ರ ನಾ ಬಾರಕೋಲು ಹಚ್ಚಾಕಿ ಇದ್ದೆ." ತನ್ನ ಚೀಲ ತೂಕಕ್ಕೆ ಹಾಕಿಸಲು ಹೋದಳು.

ಶಕುಂತಲಾಬಾಯಿಗೆ ಮಾತ್ರ ಒಂದೂ ತಿಳಿಯಲಿಲ್ಲ. ಮಗ ಕೆಮ್ಮಿದ್ದು ಕೇಳಿತ್ತು, ಹೊಗೆ ಕಂಡಿತ್ತು, ಬಸವಣಪ್ಪನವರಂಥ ದೊಡ್ಡ ಮನುಷ್ಯರು ಹಸಿ ಎಂದಿದ್ದರು. "ಅಣ್ಣಾವ್ರೇ, ಹಂಗಾದ್ರ ಸಂಬಂಧ ಹ್ಯಾಂಗ್ರಿ?" ಎಂದಳು ಅಳುದನಿಯಲ್ಲಿ.

ಬಸವಣಪ್ಪನವರು ಮಗಳ ಮುಖ ನೋಡಿದರು. ಪೂನಂ ಕೊಳವೆಯನ್ನು ಕರ್ಚೀಫಿನಲ್ಲಿ ಸುತ್ತುತ್ತಿದ್ದಳು. "ನಮ್ಮ ಕಾರ್ಖಾನ್ಯಾಗ ಕೆಟ್ಟ ಬ್ಯಾಟರಿ ಹಾಕಾಕ ಬ್ಯಾರೆ ಡಬ್ಬಿ ಅದಾ," ಎಂದಳು. ಆಮೇಲೆ, ಗುರುಲಿಂಗನ ಕಡೆ ನೋಡದೆ, "ಕಡೀಕಾದ್ರೂ ಖರೇ ಹೇಳ್ಯಾರಪ್ಪಾ," ಎಂದಳು.

ಬಸವಣಪ್ಪನವರು ಗುರುಲಿಂಗನ ಕಿವಿಯ ಹತ್ತಿರ ಬಗ್ಗಿದರು. "ಹೊಗಿ ಬಿಡೋ ಅಳಿಯಾ ನನಗ ಬ್ಯಾಡ. ಸುಳ್ಳ ಹೇಳೋ ಅಳಿಯಾ ಅಂತೂ ಬ್ಯಾಡೇ ಬ್ಯಾಡ. ಎರಡೂ ಬಿಟ್ಟ ಮ್ಯಾಲ ಬಾ." ಅನಂತರ ಮಂದಿಗೆಲ್ಲ ಕೇಳುವಂತೆ ಗಟ್ಟಿಯಾಗಿ ತೀರ್ಪು ಕೊಟ್ಟರು: "ಬಾಯಾರೇ, ಬಜಾರದ ಕಾಯ್ದೆ ಎಲ್ಲಾರಿಗಿ ಒಂದೇ. ಹಸಿ ಅಂತ ನಾ ಮಾಲ್ ಒಗಿಯಂಗಿಲ್ಲ. ಹುಡುಗನ್ನ ಒಯ್ದು ಛಂದಾಗಿ ಒಣಗಿಸಿ ತಗೊಂಡ್ ಬರ್ರಿ. ಮತ್ತ ನೋಡೋಣು."

ಶಕುಂತಲಾಬಾಯಿ ಕಣ್ಣೊರೆಸಿಕೊಂಡಳು. "ನಮ್ಮ ಮಾಳಗಿಗಿ ಭಾರಿ ಬಿಸಲು ಬೀಳ್ತದ್ರಿ," ಎಂದಳು.

ಮರುದಿನ ಬೆಳಗ್ಗೆ ಬಸವಕಲ್ಯಾಣದಲ್ಲಿ ಸೂರ್ಯ ಹುಟ್ಟಿ ಸ್ವಲ್ಪ ಕಾಯುತ್ತಲೇ ಶಕುಂತಲಾಬಾಯಿ ಮಾಳಿಗೆಯ ಮೇಲೆ ತಾಡಪತ್ರಿ ಹಾಸಿದಳು. ಅರ್ಧಕ್ಕೆ ಮೆಣಸಿನಕಾಯಿ, ಇನ್ನರ್ಧಕ್ಕೆ ಮಗ. ತಾನು ನೆರಳಿನಲ್ಲಿ ಕೋಲು ಹಿಡಿದು ಕುಳಿತಳು. ಎದುರು ಮನೆಯ ಅನುರಾಧಾ ತನ್ನ ಮಾಳಿಗೆಯಿಂದ ಹಣಕಿ ಹಾಕಿದಳು.

"ಅತ್ತೀ, ಗುರುಲಿಂಗಣ್ಣ ಯಾಕ ಮಲಗ್ಯಾರ್ರಿ ಅಲ್ಲಿ?"

"ಹಸಿ ಬಂದಾನವಾ. ಹುಮನಾಬಾದದಾಗ ಮಷೀನ್ ಹಚ್ಚಿ ನೋಡಿ ಹೇಳ್ಯಾರ."

ಮಾಳಿಗೆಯಿಂದ ಇಳಿದರೆ ಬೀದಿ ತುದಿಗೇ ಸಿಗರೇಟಿನ ಅಂಗಡಿ. ಇಳಿಯಲು ತಾಯಿ ಬಿಡಳು. ಯಾಕೆ ಇಳಿಯಬೇಕೆಂದು ಹೇಳಲು ಬಾಯಿ ಬಾರದು. ಸುಳ್ಳು ಹೇಳೋಣವೆಂದರೆ ಬಸವಣಪ್ಪನವರ ಷರತ್ತು. ಗುರುಲಿಂಗ ಹಲ್ಲು ಕಚ್ಚಿ ಆಕಾಶ ನೋಡುತ್ತ ಮಲಗಿದ. ತಲೆ ಸಿಡಿಯಿತು, ಪಕ್ಕದ ಮೆಣಸಿನಕಾಯಿ ಘಾಟಿಗೆ ಸೀನು ಬಂತು. ದಿನಗಳು ಹೀಗೇ ಬೇಯುತ್ತ ಹೋದವು. ಅವನು ಇಳಿಯಲಿಲ್ಲ.

ಒಂದು ಮಧ್ಯಾಹ್ನ ಫೋನು ಬಂತು. ಹುಮನಾಬಾದಿನ ನಂಬರು.

"ನಾ ಪೂನಂ ಮಾತಾಡಾಕತ್ತೀನ್ರಿ. ಅಪ್ಪಾ ಕೇಳಂದ್ರು. ಒಣಗೀರೇನ್ರಿ?"

ಖರೇನೇ ಹೇಳಬೇಕು.

"ಒಂದ್ ಮಗ್ಗಲಾ ಆಗ್ಯಾದ್ರಿ," ಎಂದ. ಮೆಣಸಿನಕಾಯಿ ಹೊರಳಿಸುತ್ತ ಬಂದ ತಾಯಿಯ ಕೋಲು ಪಕ್ಕೆಗೆ ತಿವಿಯುವ ಮೊದಲೇ ತಾನಾಗಿ ಇನ್ನೊಂದು ಮಗ್ಗಲಿಗೆ ಹೊರಳಿದ.